ಟರ್ಬೊ ಚಿಪ್ಪು ಬಿರಿದರೆ ಪೂರಾ ಟರ್ಬೊ ಬಿಸಾಕಬೇಕೇ?

ಅಕ್ಕಲಕೋಟೆಯಿಂದ ಸೊಲ್ಲಾಪುರಕ್ಕೆ ಸುಮಾರು 40 ಕಿಲೋಮೀಟರ್ ದಾರಿ. ಉಳ್ಳಾಗಡ್ಡಿಯ ಪಟ್ಟಿ ತರಲು ಅಡತಿಗೆ ಹೋಗುವ ರೈತರು, ಚಾದರದ ವ್ಯಾಪಾರಿಗಳು, ಸ್ವಾಮಿ ಸಮರ್ಥರ ದರ್ಶನಕ್ಕೆ ಬರುವ ಭಕ್ತರು, ಬಾಡಿಗೆ ಗಾಡಿಯವರು ಎಲ್ಲರದ್ದೂ ಇದೇ ದಾರಿ. ಇವರಲ್ಲಿ ಬಹಳ ಮಂದಿಯ ಬಳಿ ಇರುವುದು ಟರ್ಬೊ ಹಚ್ಚಿದ ಡೀಸೆಲ್ ಕಾರು. ಗಾಡಿ ಎಳೆತ ಕಳಕೊಂಡು ಕಪ್ಪು ಹೊಗೆ ಬಿಟ್ಟಿತೆಂದರೆ ಎಷ್ಟೋ ಸಲ ಕೇಳಿಬರುವ ಮಾತು ಒಂದೇ: “ಟರ್ಬೊ ಹೋಗ್ಯಾದ್ರೀ, ಹೊಸಾದು ಹಾಕಬೇಕು.” ಒಂದು ಸುಗ್ಗಿಯ ಉಳಿತಾಯ ಆ ಒಂದೇ ಮಾತಿನಲ್ಲಿ ಹೋಗಿಬಿಡಬಹುದು.

ನಾನು ಮೆಕ್ಯಾನಿಕ್ ಅಲ್ಲ, ಒಕ್ಕಲಿಗ. ಆದರೆ ನಮ್ಮ ಹಳೆಯ ಗಾಡಿಯ ಟರ್ಬೊ ಚಿಪ್ಪು ಸೊಲ್ಲಾಪುರದಲ್ಲಿ ಬದಲಾಗುವಾಗ ಬಾಜೂಕ ನಿಂತು ಎಲ್ಲಾ ನೋಡಿದೆ, ಕೇಳಿ ತಿಳಕೊಂಡೆ. ಅದನ್ನೇ ಇಲ್ಲಿ ಬರೆಯುತ್ತೇನೆ.

ಎಂಜಿನ್ ಹೊರಗೆ ಬಿಡುವ ಹೊಗೆಯ ರಭಸವನ್ನೇ ದುಡಿಸಿಕೊಂಡು ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಯುಕ್ತಿಯೇ ಟರ್ಬೊ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಟರ್ಬೊಗೆ ಮೂರು ಭಾಗ. ಒಂದು ಕಡೆ ಗಾಳಿ ತುಂಬುವ ಅಲ್ಯೂಮಿನಿಯಂ ಚಿಪ್ಪು, ನಡುವೆ ಎಣ್ಣೆಯಲ್ಲಿ ತೇಲುವ ಅಚ್ಚು, ಇನ್ನೊಂದು ಕಡೆ ಬಿಸಿ ಹೊಗೆ ಸುತ್ತುವ ಬೀಡುಕಬ್ಬಿಣದ ಚಿಪ್ಪು. ಇದೇ ಟರ್ಬೈನ್ ಹೌಸಿಂಗ್. ಒಳಗಿನ ಚಕ್ರ ನಿಮಿಷಕ್ಕೆ 1 ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಭಾರ ಬಿದ್ದಾಗ ಆ ಹೊಗೆಯ ಬಿಸಿ 700 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ.

ಸೊಲ್ಲಾಪುರದಲ್ಲಿ ಕನ್ನಡ, ತೆಲುಗು, ಮರಾಠಿ ಮೂರೂ ನಡೀತಾವ. ಈ ಚಿಪ್ಪಿಗೆ ಇಂಗ್ಲಿಷ್ ಹೆಸರು ಬಾಯಿಗೆ ಬರದಿದ್ದರೆ ಅಂಜಬೇಡಿ, ಅದರ ಆಕಾರವನ್ನೇ ಹೇಳಿ. ನಮಗದು ಬಸವನಹುಳ, ತೆಲುಗಿನ ಪದ್ಮಶಾಲಿ ಅಣ್ಣನಿಗೆ ನತ್ತಗುಲ್ಲ, ಮರಾಠಿಯವರಿಗೆ ಗೋಗಲಗಾಯ. ಅದೇ ಹುಳದಾಗ ನಾವು ಬಸವಣ್ಣನನ್ನು ಕಂಡೆವು, ಮರಾಠಿಗರು ಆಕಳನ್ನು ಕಂಡರು! ಯಾವ ಭಾಷೆಯಲ್ಲಿ ಹೇಳಿದರೂ ಬೆರಳು ಹೋಗುವುದು ಅದೇ ಚಿಪ್ಪಿನ ಕಡೆಗೆ.

ಚಿಪ್ಪು ದಿನಾ ಕಾಯ್ದು ದಿನಾ ಆರುತ್ತದೆ. ವರ್ಷಗಟ್ಟಲೆ ಹೀಗಾದರೆ ಕಬ್ಬಿಣವೂ ದಣಿದು ಬಿರಿಯುತ್ತದೆ. ಒಳಗೆ ಕೂದಲೆಳೆಯಂಥ ಸಣ್ಣ ಗೀರು ಎಷ್ಟೋ ಟರ್ಬೊಗಳಲ್ಲಿ ಇರುತ್ತದೆ, ಅಷ್ಟಕ್ಕೇ ಗಾಬರಿ ಬೇಡ. ಬಿರುಕು ಹೊರಮೈತನಕ ಬಂದು ಅಲ್ಲಿ ಮಸಿ ಹತ್ತಿದ್ದರೆ, ಎಂಜಿನ್ ಏರಿಸಿದಾಗ ಟಿಕ್ ಟಿಕ್ ಅಥವಾ ಸುಯ್ ಎಂದರೆ, ಚಿಪ್ಪಿನ ಕಾಲ ಮುಗೀತು. ಆದರೆ ಅದಕ್ಕೂ ಮೊದಲು ಗಾಳಿ ಪೈಪು, ಏರ್ ಫಿಲ್ಟರ್ ನೋಡಿಸಿ. ನಮ್ಮ ಎರಿ ಮಣ್ಣಿನ ಧೂಳು ಫಿಲ್ಟರಿನಲ್ಲಿ ಕಟ್ಟಿಕೊಂಡರೂ ಅದೇ ಕಪ್ಪು ಹೊಗೆ ಬರುತ್ತದೆ.

ಈಗ ಮುಖ್ಯ ಮಾತು. ಗಾಳಿ ಪೈಪು ಬಿಚ್ಚಿಸಿ, ತಣ್ಣಗಿದ್ದಾಗ ಅಚ್ಚನ್ನು ಬೆರಳಿನಿಂದ ಆಡಿಸಿ ನೋಡಿ. ಸಲೀಸಾಗಿ ತಿರುಗಬೇಕು. ಆಚೀಚೆ ಅತಿ ಸ್ವಲ್ಪ ಆಡಬಹುದು, ಆದರೆ ಚಕ್ರ ಚಿಪ್ಪಿಗೆ ತಾಗಬಾರದು, ಎಲೆಗಳು ಮುಕ್ಕಾಗಿರಬಾರದು, ಎಣ್ಣೆ ಸೋರಿರಬಾರದು. ಇಷ್ಟೂ ಸರಿ ಇದ್ದರೆ ಒಡೆದದ್ದು ಚಿಪ್ಪು ಮಾತ್ರ. ಅದಕ್ಕೆ ಪೂರಾ ಟರ್ಬೊ ಬದಲಿಸುವುದೆಂದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಬಿರುಕಿಗೆ ವೆಲ್ಡಿಂಗ್ ಹೊಡೆಸುವುದೂ ಸಲ್ಲ. ಬೀಡುಕಬ್ಬಿಣದ ಬೆಸುಗೆ ಆ ಬಿಸಿಗೆ ತಾಳುವುದು ಕಷ್ಟ. ಅದರ ಒಂದು ಚೂರು ಉದುರಿ ಚಕ್ರಕ್ಕೆ ಬಡಿದರೆ ಉಳಿದ ಟರ್ಬೊವೂ ಹೋದಂತೆ.

ಕೆಲಸ ಹಿಂದಿನ ರಾತ್ರಿಯೇ ಶುರುವಾಗಬೇಕು. ತುಕ್ಕು ಹಿಡಿದ ಬೋಲ್ಟುಗಳಿಗೆ ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ನೆನೆಯಗೊಡಬೇಕು. ಅವಸರ ಮಾಡಿದರೆ ಬೋಲ್ಟ್ ಮುರೀತದ. ಟರ್ಬೊ ಇಳಿಸಿದ ಕೂಡಲೇ ಎಂಜಿನ್ನಿನ ತೆರೆದ ಬಾಯಿಗಳನ್ನು ಶುಭ್ರ ಬಟ್ಟೆಯಿಂದ ಮುಚ್ಚಬೇಕು. ಚಿಪ್ಪು ನಡುಭಾಗದ ಮೇಲೆ ಯಾವ ಕೋನದಲ್ಲಿ ಕೂತಿದೆ ಎಂದು ಗೀರು ಹಾಕಿಕೊಳ್ಳಬೇಕು, ಇಲ್ಲದಿದ್ದರೆ ಕೂಡಿಸುವಾಗ ಪೈಪುಗಳು ಹೊಂದುವುದಿಲ್ಲ. ಚಿಪ್ಪನ್ನು ನೆಟ್ಟಗೆ ಎಳೆಯಬೇಕು. ಬರದಿದ್ದರೆ ಸುತ್ತಲೂ ಮೆದು ಸುತ್ತಿಗೆಯಿಂದ ಹಗುರಾಗಿ ತಟ್ಟಬೇಕು. ಹಾರಿ ಹಾಕಿ ಮೀಟಿದರೆ ಚಕ್ರದ ಎಲೆ ಬಾಗುತ್ತದೆ. ಬಾಗಿದ ಎಲೆಯನ್ನು ನೇರ ಮಾಡಿ ಮತ್ತೆ ಹಾಕಬಾರದು, ತೂಕ ತಪ್ಪಿರುತ್ತದೆ.

ಹೊಸ ಚಿಪ್ಪು ತರುವಾಗ ಟರ್ಬೊ ಮೇಲಿನ ತಗಡಿನ ನಂಬರ್ ಬರೆದುಕೊಂಡೇ ಅಂಗಡಿಗೆ ಹೋಗಿ. ಅಳತೆ ದೊಡ್ಡದಾದರೆ ಗಾಡಿ ತಡವಾಗಿ ಎಳೆಯುತ್ತದೆ, ಸಣ್ಣದಾದರೆ ಎಂಜಿನ್ ಉಸಿರುಗಟ್ಟುತ್ತದೆ. ಚಿಪ್ಪು ಕೂಡಿಸಿದ ಮೇಲೆ ಚಕ್ರ ತಿರುಗಿಸಿ ಎಲ್ಲೂ ಉಜ್ಜುವುದಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಗ್ಯಾಸ್ಕೆಟ್ ಹೊಸದೇ ಇರಲಿ. ಎಣ್ಣೆ ಹೋಗುವ ದಾರಿಯಲ್ಲಿ ಪೇಸ್ಟ್ ಬಳಿಯಬಾರದು, ಅದರ ತುಣುಕು ಎಣ್ಣೆಯನ್ನು ತಡೆದೀತು. ಗಾಡಿ ಚಾಲೂ ಮಾಡುವ ಮೊದಲು ಟರ್ಬೊದ ಎಣ್ಣೆ ಬಾಯಿಗೆ ಶುಭ್ರ ಎಂಜಿನ್ ಆಯಿಲ್ ಹಾಕಬೇಕು. ಚಾಲೂ ಆದ ಮೇಲೆ ಕೆಲವು ನಿಮಿಷ ಮಂದಗತಿಯಲ್ಲೇ ಬಿಟ್ಟು ಸೋರಿಕೆ ನೋಡಬೇಕು.

ಇನ್ನೊಂದು ಎಚ್ಚರ. ಈಗಿನ ಬಹಳಷ್ಟು ಡೀಸೆಲ್ ಕಾರುಗಳ ಟರ್ಬೊದಲ್ಲಿ ಚಿಪ್ಪಿನೊಳಗೇ ಅಲುಗಾಡುವ ಸಣ್ಣ ರೆಕ್ಕೆಗಳಿವೆ. ಅದನ್ನು ಬಿಚ್ಚಿದರೆ ಯಂತ್ರದ ಮೇಲೆ ಮತ್ತೆ ಹೊಂದಿಸಬೇಕಾಗುತ್ತದೆ. ರಸ್ತೆ ಬದಿಯಲ್ಲಿ ಆಗುವ ಕೆಲಸ ಅದಲ್ಲ, ತಿಳಿದವರ ಕೈಗೇ ಕೊಡಿ.

ಯಾವ ಗಾಡಿಯೇ ಇರಲಿ, ಹಳೆಯ ಚಿಪ್ಪು, ಹಳೆಯ ಬೋಲ್ಟು ಕೇಳಿ ಪಡೆಯಿರಿ. ರೊಕ್ಕ ನಿಮ್ಮದು, ವಸ್ತುವೂ ನಿಮ್ಮದು. ಹಾಗೇ, ದೂರ ಓಡಿ ಬಂದ ಗಾಡಿಯನ್ನು ಗಪ್ಪನೆ ಬಂದ್ ಮಾಡಬೇಡಿ. ಒಂದೆರಡು ನಿಮಿಷ ನಿಂತಲ್ಲೇ ಮೆಲ್ಲಗೆ ಓಡಲಿ, ಬಿಸಿ ಎಣ್ಣೆ ಅಚ್ಚಿನಲ್ಲಿ ಕರಕಾಗುವುದು ತಪ್ಪುತ್ತದೆ. ದುಡಿದು ಬಂದ ಎತ್ತಿಗೆ ನೊಗ ಇಳಿಸಿ ದಮ್ಮು ಆರಿಸಿದ ಮೇಲೇ ನೀರು ತೋರಿಸುವವರು ನಾವು. ಗಾಡಿಗೂ ಅಷ್ಟು ಪುರಸೊತ್ತು ಕೊಟ್ಟರೆ ನಮ್ಮ ಗಂಟೇನೂ ಹೋಗೋದಿಲ್ಲ.