ಲವಂಗದೆಣ್ಣೆಯನ್ನು ಕೊಬ್ಬು ಕುಡಿದಾಗ

ಹಲ್ಲುನೋವಿಗೆ ಲವಂಗ ಕಚ್ಚಿ ಹಿಡಿದವರಿಗೆ ಗೊತ್ತು: ಮೊದಲು ಚುರುಚುರು, ಆಮೇಲೆ ಒಸಡಿಗೆಲ್ಲ ಜೋಮು. ಅದು ಯೂಜೆನಾಲ್‌ನ ಕೆಲಸ. ಲವಂಗದೆಣ್ಣೆಯಲ್ಲಿ ಬಹುಪಾಲು ಇರುವುದು ಇದೇ. ಮಾಂಸ ಕೆಡದಂತೆ ಕಾಯಲು ಇಂಥ ಎಣ್ಣೆಗಳು ಸಾಕೇ ಎಂಬ ಪರೀಕ್ಷೆ ದಶಕಗಳಿಂದ ನಡೆದಿದೆ.

ಸಾಸೇಜ್, ಬೇಕನ್, ಹ್ಯಾಮ್‌ಗಳಿಗೆ ಈಗ ಹಾಕುವುದು ನೈಟ್ರೈಟ್. ಅವುಗಳ ಗುಲಾಬಿ ಬಣ್ಣ ಅದರಿಂದಲೇ. ಅದಕ್ಕಿಂತ ಮುಖ್ಯವಾಗಿ, ಬಾಟುಲಿಸಂ ಎಂಬ ಮಾರಕ ವಿಷಬಾಧೆ ತರುವ ಬ್ಯಾಕ್ಟೀರಿಯಾವನ್ನು ಅದು ತಡೆಯುತ್ತದೆ. ಆದರೆ ನೈಟ್ರೈಟ್‌ನಿಂದ ಕ್ಯಾನ್ಸರ್‌ಕಾರಕ ನೈಟ್ರೋಸಮೀನ್‌ಗಳು ಹುಟ್ಟಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದ ಮೇಲೆ ಬದಲಿಯ ಹುಡುಕಾಟ ಜೋರಾಯಿತು.

ಲವಂಗದ ಯೂಜೆನಾಲ್, ಓಮದ ಥೈಮಾಲ್, ಓರೆಗಾನೊದ ಕಾರ್ವಕ್ರಾಲ್ ನೀರಿಗಿಂತ ಜಿಡ್ಡಿನಲ್ಲಿ ಚೆನ್ನಾಗಿ ಬೆರೆಯುತ್ತವೆ. ಬ್ಯಾಕ್ಟೀರಿಯಾದ ಪೊರೆಯೂ ಜಿಡ್ಡಿನದೇ. ಅವು ಅದರೊಳಗೆ ನುಸುಳಿದರೆ ಪೊರೆ ಸಡಿಲವಾಗಿ, ಒಳಗಿನ ಪೊಟ್ಯಾಸಿಯಂ ತೂತುಬಿದ್ದ ಕೊಡದ ನೀರಿನಂತೆ ಸೋರಿಹೋಗುತ್ತದೆ. ಇ. ಕೋಲಿ, ಸಾಲ್ಮೊನೆಲ್ಲಾಗಳಿಗೆ ಹೊರಗೆ ಇನ್ನೊಂದು ಪೊರೆ ಇರುವುದರಿಂದ ಅವು ಸಾಮಾನ್ಯವಾಗಿ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ.

ಪ್ರಯೋಗಶಾಲೆಯ ಗಾಜಿನ ತಟ್ಟೆಯಲ್ಲಿ ಗೆದ್ದ ಎಣ್ಣೆ ಖೀಮಾದಲ್ಲಿ ಸೋಲುತ್ತದೆ. ಇಡೀ ತುಂಡಿನಲ್ಲಿ ಬ್ಯಾಕ್ಟೀರಿಯಾ ಹೆಚ್ಚಾಗಿ ಮೇಲ್ಭಾಗದಲ್ಲಷ್ಟೇ ಇರುತ್ತದೆ. ಕೊಚ್ಚಿದೊಡನೆ ಒಳಗೆಲ್ಲ ಹರಡುತ್ತದೆ. ಅದು ಬೆಳೆಯುವುದು ಮಾಂಸದ ನೀರಿನಂಶದಲ್ಲಿ. ನಾವು ಹಾಕಿದ ಎಣ್ಣೆಯೋ ಕೊಬ್ಬಿಗೆ ಸೇರಿಕೊಳ್ಳುತ್ತದೆ. ಜಿಡ್ಡಿನ ಮೇಲಿನ ಯಾವ ಒಲವು ಅದರ ಬಲವೋ ಅದೇ ಇಲ್ಲಿ ಅಡ್ಡಿ. ಪ್ರಮಾಣ ಹೆಚ್ಚಿಸುತ್ತ ಹೋದರೆ ಬ್ಯಾಕ್ಟೀರಿಯಾ ಸಾಯುವ ಹೊತ್ತಿಗೆ ಖೀಮಾ ಹಲ್ಲುಜ್ಜುವ ಪೇಸ್ಟಿನಂತೆ ನಾರುತ್ತಿರುತ್ತದೆ.

ಕೊಬ್ಬು ಕಮಟಾಗದಂತೆ ತಡೆಯುವ ಕೆಲಸದಲ್ಲಿ ಗಿಡಮೂಲಿಕೆಗಳು ಆಗಲೇ ಗೆದ್ದಿವೆ. ಘಾಟು ತೆಗೆದ ರೋಸ್‌ಮೇರಿ ಸಾರ ಯುರೋಪಿನಲ್ಲಿ ಇ392 ಎಂಬ ಸಂಖ್ಯೆಯಡಿ ಅಧಿಕೃತವಾಗಿ ಬಳಕೆಯಲ್ಲಿದೆ. ಆದರೆ ಬಾಟುಲಿಸಂನ ಕಾವಲನ್ನು ‘ನೈಸರ್ಗಿಕ’ ಎಂಬ ಒಂದೇ ಮಾತಿನ ಮೇಲೆ ಲವಂಗಕ್ಕೆ ಒಪ್ಪಿಸುವುದನ್ನು ನಾನು ಒಪ್ಪಲಾರೆ. ನೈಟ್ರೈಟ್‌ನ ಪ್ರಮಾಣ ತಗ್ಗಿಸಲು ಈ ಎಣ್ಣೆಗಳು ಜೊತೆಗೂಡಲಿ, ಅದು ಸರಿ.

ನನಗೆ ಹೆಚ್ಚು ಭರವಸೆ ಹುಟ್ಟಿಸಿರುವುದು ಇನ್ನೊಂದು ದಾರಿ. ಸೀಗಡಿ ಸಿಪ್ಪೆಯಿಂದ ತೆಗೆದ ಕೈಟೊಸಾನ್‌ನ ತೆಳು ಹಾಳೆಯಲ್ಲಿ ಎಣ್ಣೆಯ ಅತಿಸಣ್ಣ ಹನಿಗಳನ್ನು ಹುದುಗಿಸಿ, ಅದನ್ನು ಮಾಂಸದ ತುಂಡಿಗೆ ಸುತ್ತುತ್ತಾರೆ. ಎಣ್ಣೆ ಕೊಬ್ಬಿನೊಳಗೆ ಒಮ್ಮೆಲೇ ಇಳಿದುಹೋಗದೆ, ಬ್ಯಾಕ್ಟೀರಿಯಾ ಕೂತಿರುವ ಮೇಲ್ಪದರಕ್ಕೆ ನಿಧಾನವಾಗಿ ಒಸರುತ್ತದೆ.