ರೊಟ್ಟಿಗಿಂತ ಮೊದಲು ಕೈ

ಹುಬ್ಬಳ್ಳಿಯ ಉಣಕಲ್ ಕೆರೆ ದಂಡೆಗೆ ಬೆಳಿಗ್ಗೆ ವಾಕಿಂಗ್ ಬರುವ ಹಿರಿಯರೊಬ್ಬರು ಜೇಬಿನಲ್ಲಿ ಒಣರೊಟ್ಟಿ ಇಟ್ಟುಕೊಂಡಿರುತ್ತಾರೆ. ಅವರನ್ನು ಕಂಡೊಡನೆ ಕಂದು ಬೀದಿನಾಯಿಯೊಂದು ಕಿವಿ ಹಿಂದಕ್ಕೊತ್ತಿ, ಸೊಂಟ ಬಳುಕಿಸುತ್ತ ಓಡಿಬರುತ್ತದೆ. ರೊಟ್ಟಿ ಮುಂದೆಯೇ ಬಿದ್ದಿದ್ದರೂ ಮೊದಲು ಅವರ ಅಂಗೈಯೊಳಗೆ ತಲೆ ತೂರಿಸುತ್ತದೆ. ತಲೆ ಸವರಿಸಿಕೊಂಡ ಮೇಲೇ ತಿನ್ನುವುದು.

ನಾಯಿ ಬಾಲ ಅಲ್ಲಾಡಿಸುವುದು ಹೊಟ್ಟೆಗಾಗಿ ಎನ್ನುತ್ತೇವೆ. ಆದರೆ ಕೋಲ್ಕತ್ತದ ಐಸರ್ ವಿಜ್ಞಾನ ಸಂಸ್ಥೆಯ ಅನಿಂದಿತಾ ಭದ್ರಾ ಅವರ ತಂಡ ಬಂಗಾಳದ ಬೀದಿನಾಯಿಗಳನ್ನೇ ಪರೀಕ್ಷಿಸಿತು. ಗುರುತಿಲ್ಲದವರ ಕೈಯಿಂದ ತಿನ್ನಲು ಅವು ಮೊದಲು ಹಿಂಜರಿದವು. ಕೆಲವಕ್ಕೆ ಇನ್ನೊಂದು ತುತ್ತು ಹೆಚ್ಚು ಕೊಟ್ಟರು, ಕೆಲವುಗಳ ತಲೆ ಸವರಿದರು. ಮತ್ತೆ ಮತ್ತೆ ಹೀಗೆ ಮಾಡಿದಾಗ ನಂಬಿಕೆ ಹುಟ್ಟಿಸಿದ್ದು ತುತ್ತಿಗಿಂತ ಹೆಚ್ಚಾಗಿ ಸವರಿದ ಕೈ. 2017ರಲ್ಲಿ ಪ್ರಕಟವಾದ ಈ ಫಲಿತಾಂಶ ನನ್ನನ್ನು ತುಂಬ ಕಲಕಿತು. ಕಲ್ಲೇಟು ತಿಂದು, ಹಸಿವು ಉಂಡು ಬೆಳೆದ ನಾಯಿಗಳು ಅವು!

ಈ ಒಲವು ಒಮ್ಮುಖವೂ ಅಲ್ಲ. 2015ರಲ್ಲಿ ಜಪಾನಿನ ನಾಗಸಾವಾ ಮತ್ತು ಸಂಗಡಿಗರು ನಾಯಿ ಹಾಗೂ ಒಡೆಯರನ್ನು ಅರ್ಧ ಗಂಟೆ ಒಟ್ಟಿಗೆ ಬಿಟ್ಟು, ಮೊದಲೂ ಆಮೇಲೂ ಮೂತ್ರ ಪರೀಕ್ಷಿಸಿದರು. ಕಣ್ಣಲ್ಲಿ ಕಣ್ಣಿಟ್ಟು ಹೆಚ್ಚು ಹೊತ್ತು ನೋಡಿದ ಜೋಡಿಗಳಲ್ಲಿ ಇಬ್ಬರಿಗೂ ಆಕ್ಸಿಟೋಸಿನ್ ಏರಿತ್ತು. ಹಾಲೂಡುವ ತಾಯಿಯ ಮೈಯಲ್ಲಿ ಒಸರುವ ಹಾರ್ಮೋನು ಅದೇ. ಮನುಷ್ಯರೇ ಸಾಕಿದ ತೋಳಗಳಲ್ಲಿ ಹೀಗಾಗಲಿಲ್ಲ.

ಹಾಗೆಂದು ಬಾಲ ಅಲ್ಲಾಡಿದರೆಲ್ಲ ಪ್ರೀತಿಯಲ್ಲ. ಇಟಲಿಯ ಸಂಶೋಧಕರು 2007ರಲ್ಲಿ 30 ನಾಯಿಗಳಲ್ಲಿ ಕಂಡಂತೆ, ಒಡೆಯನನ್ನು ನೋಡಿದಾಗ ಬಾಲ ನಾಯಿಯ ಬಲಕ್ಕೆ ಹೆಚ್ಚು ವಾಲುತ್ತದೆ. ಜೋರಿನ ಅಪರಿಚಿತ ನಾಯಿ ಎದುರಾದರೆ ಎಡಕ್ಕೆ. ಮೈ ಬಿಗಿಹಿಡಿದು, ಬಾಲ ಸೆಟೆಸಿ ನಿಂತ ಬೀದಿನಾಯಿಯನ್ನು ಮುಟ್ಟಬೇಡಿ.

ನಮ್ಮ ಕಡೆ ಮನುಷ್ಯರ ಪ್ರೀತಿ ಹೆಚ್ಚಾಗಿ ತಾಟಿನಲ್ಲೇ ಇರುತ್ತದೆ. ಮಗ ಬೆಂಗಳೂರಿನಿಂದ ಬಂದರೆ ಅಪ್ಪ ಬಾಗಿಲಲ್ಲೇ ನಿಂತು "ಊಟಾ ಆತೇನಪಾ?" ಅಂತಾನೆ. ಆ ಒಂದು ಮಾತಿನಲ್ಲೇ ಎಲ್ಲ ಇದೆ, ನನಗೆ ಗೊತ್ತು. ಆದರೂ ಮೈ ಮುಟ್ಟದೆ ಉಳಿದದ್ದು ಎಷ್ಟೋ ಮಂದಿಗೆ ಕೊನೆಯವರೆಗೂ ತಲುಪುವುದೇ ಇಲ್ಲ. ನಾಯಿಗೆ ಈ ಸಂಕೋಚ ಇಲ್ಲ. ಹತ್ತು ನಿಮಿಷ ಹೊರಗೆ ಹೋಗಿ ಬಂದವರನ್ನೂ ಅದು ಇಡೀ ಮೈಯಿಂದ ಮಾತಾಡಿಸುತ್ತದೆ.

ಈ ಸಲ ಮಗ ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ಇಳಿದಾಗ, ಊಟದ ಮಾತು ಕೇಳುವ ಮೊದಲು ಅವನ ಬೆನ್ನ ಮೇಲೆ ಕೈಯಿಡಿ.