ಹಿತ್ತಲಿನ ಹೆಜ್ಜಾರ್ಲೆ, ಹೊಳೆಯ ರೀವ

ಯುಗಾದಿಯ ಆಸುಪಾಸಿನಲ್ಲಿ ಶನಿವಾರ, ಭಾನುವಾರ ಬಿಡುವಿದೆಯಾ? ಮಂಡ್ಯ ಜಿಲ್ಲೆಗೆ ಬನ್ನಿ.

ಮೊದಲು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು. ಇಲ್ಲಿ ಹಕ್ಕಿಗಳನ್ನು ಹುಡುಕಿಕೊಂಡು ಕಾಡಿಗೆ ಹೋಗಬೇಕಿಲ್ಲ, ಅವು ಊರೊಳಗೇ ಇವೆ. ಹಿತ್ತಲಿನ ಹುಣಸೆಮರದ ತುದಿಯಲ್ಲಿ ಹೆಜ್ಜಾರ್ಲೆಯ ಗೂಡು, ಪಕ್ಕದ ಕೊಂಬೆಯಲ್ಲಿ ಬಣ್ಣದ ಕೊಕ್ಕರೆ. ಮಾರ್ಚ್ ಹೊತ್ತಿಗೆ ಗೂಡುಗಳ ತುಂಬ ಮರಿಗಳ ಗಲಾಟೆ. ದೊಡ್ಡ ಹೆಜ್ಜಾರ್ಲೆ ಕೊಕ್ಕು ತೆರೆದರೆ ಸಾಕು, ಮರಿ ತನ್ನ ತಲೆಯನ್ನೇ ಅದರ ಗಂಟಲ ಚೀಲದೊಳಗೆ ತೂರಿಸಿ ಮೀನು ತಿನ್ನುತ್ತದೆ. ಇದನ್ನು ನೋಡಲು ಅರ್ಧ ದಿನ ಕೊಟ್ಟರೂ ಕಡಿಮೆಯೇ. ಊರಿನವರು ಈ ಹಕ್ಕಿಗಳನ್ನು ತಲೆಮಾರುಗಳಿಂದ ಕಾಪಾಡಿದ್ದಾರೆ. ಅವುಗಳ ಹಿಕ್ಕೆ ಹೊಲಕ್ಕೆ ಗೊಬ್ಬರ. 2007ರಲ್ಲಿ ಇದು ಸಮುದಾಯ ಮೀಸಲು ಪ್ರದೇಶವಾಯಿತು. ನನ್ನ ಮಟ್ಟಿಗೆ, ಆ ಘೋಷಣೆಗಿಂತ ಈ ಮನೆಗಳ ಔದಾರ್ಯವೇ ದೊಡ್ಡದು.

ಮರುದಿನ ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು. ಕಾವೇರಿಗೆ ಕಟ್ಟಿದ ಹಳೆಯ ಒಡ್ಡಿನಿಂದ ಮೂಡಿದ ನಡುಗಡ್ಡೆಗಳಿವು. ಪಕ್ಷಿತಜ್ಞ ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಪಕ್ಷಿಧಾಮ, 2022ರಲ್ಲಿ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ. ಬೆಳಗಿನ ಮೊದಲ ದೋಣಿಯನ್ನೇ ಹತ್ತಿ. ಚಮಚಕೊಕ್ಕು, ಬಾಯ್ಕಳಕ, ಬಂಡೆಯ ಮೇಲೆ ಬಿಸಿಲು ಕಾಯುವ ಮೊಸಳೆ ಎಲ್ಲ ಸಿಗುತ್ತವೆ. ಆದರೆ ನದಿ ರೀವವನ್ನು ಮರೆಯಬೇಡಿ. ಗೂಡು ಕಟ್ಟದೆ ಬರಿಯ ಬಂಡೆಯ ಮೇಲೆ ಮೊಟ್ಟೆ ಇಡುವ ಹಕ್ಕಿ ಅದು. ಹೊಳೆಯ ನೀರು ಒಮ್ಮೆಲೇ ಏರಿದರೆ ಮೊಟ್ಟೆಗಳು ಕೊಚ್ಚಿಹೋಗುತ್ತವೆ.

ದುರ್ಬೀನು ತನ್ನಿ. ಗೂಡಿನ ಹತ್ತಿರ ಡ್ರೋನ್ ಬೇಡ, ಮೊಬೈಲಿನಲ್ಲಿ ಹಕ್ಕಿಕೂಗು ಹಾಕುವುದೂ ಬೇಡ. ತಾಯಿಹಕ್ಕಿ ಹೆದರಿ ಎದ್ದರೆ ಮರಿಗಳು ಬಿಸಿಲಿಗೆ ಒಣಗುತ್ತವೆ.